ಬದನೆಗೆ ದುಂಬಿ, ದುಂಬಿಗೆ ತಂಗಡಿ

ಧುಪದಾಳದ ತಂಗಿಗೆ,

ಹಿತ್ತಲ ಬದನೆ ಕಾಯಿ ಕಚ್ಚುತ್ತಿಲ್ಲ, ದುಂಬಿಯೂ ಕಾಣುತ್ತಿಲ್ಲ, ಪೇಟೆಯ ಹೂವಿನ ಬೀಜ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಬಿಸಿಲಿನ ಝಳ, ನೀರಿನ ಕೊರತೆಗೂ ಹೂ ಉದುರುತ್ತದೆ. ಮೊದಲು ಅದನ್ನು ನೋಡಿ. ದುಂಬಿ ಬರಲು ನಿಮ್ಮ ಕಡೆಯ ತಂಗಡಿ ಗಿಡವೇ ಸಾಕು.

ಬದನೆಯ ಪರಾಗ ಕೇಸರದೊಳಗೆ ಅಡಗಿರುತ್ತದೆ, ತುದಿಯ ಸಣ್ಣ ರಂಧ್ರದಿಂದಷ್ಟೇ ಹೊರಬರುತ್ತದೆ. ಜೇನುನೊಣಕ್ಕೆ ಅದನ್ನು ಉದುರಿಸಲು ಬಾರದು. ಕರಿ ದುಂಬಿ ಹೂವನ್ನು ತಬ್ಬಿ ಗುಂಯ್ ಎಂದು ಮೈ ನಡುಗಿಸಿದಾಗ ಹಳದಿ ಪುಡಿ ಅದರ ಹೊಟ್ಟೆಗೆ ಮೆತ್ತುತ್ತದೆ. ಬೆಳಿಗ್ಗೆ ಗಿಡದ ಪಕ್ಕ ಕುಳಿತರೆ ಆ ಸದ್ದು ಕೇಳಿಸುತ್ತದೆ. ತಂಗಡಿ ಹೂವೂ ಇದೇ ಜಾತಿಯ ಕೆಲಸ ಬೇಡುವಂಥದು.

ರಸ್ತೆ ಬದಿಯ ತಂಗಡಿಯ ಒಣ ಕಾಯಿ ತನ್ನಿ. ಘಟಪ್ರಭಾ ಪಕ್ಷಿಧಾಮದ ಗಿಡ ಮಾತ್ರ ಮುಟ್ಟಬೇಡಿ. ಬೀಜದ ಸಿಪ್ಪೆ ಗಟ್ಟಿ. ಸ್ಯಾಂಡ್‌ಪೇಪರಿಗೆ ಉಜ್ಜಿ, ರಾತ್ರಿ ನೆನೆಸಿ, ಜೂನ್ ಮಳೆಗೆ ಅರ್ಧ ಇಂಚು ಆಳಕ್ಕೆ ಊರಿ. ಜೊತೆಗೆ ತುಂಬೆಯೂ ಇರಲಿ, ಚಿಟ್ಟೆ, ಜೇನು ಎರಡಕ್ಕೂ ಪ್ರಿಯ: ಒಣ ತೆನೆಯನ್ನು ಕಾಗದದ ಮೇಲೆ ಬೋರಲಾಗಿ ತಟ್ಟಿ, ಬಿದ್ದ ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಿ ಅಂಗೈಯಿಂದ ಒತ್ತಿ. ಮುಚ್ಚಬೇಡಿ.

ಮೂಲೆಯ ಒಣ ಕಟ್ಟಿಗೆಯನ್ನೆಲ್ಲ ಒಲೆಗೆ ಹಾಕದಿರಿ, ತಂಗಿ. ದುಂಬಿ ಗೂಡು ಕೊರೆಯುವುದು ಅದರಲ್ಲೇ.