ಕಡಿಮೆ ಖರ್ಚಿನಲ್ಲಿ ಸಿಬ್ಬಂದಿಗೆ ತರಬೇತಿ: ರೈತ ಉತ್ಪಾದಕ ಕಂಪನಿಗಳಿಗೆ ಕೆಲವು ಸಲಹೆಗಳು

ರೈತರು ಷೇರು ಹಣ ಕೂಡಿಸಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳು ಬೀಜ, ಗೊಬ್ಬರ ಮಾರುವುದರ ಜೊತೆಗೆ ಸದಸ್ಯರ ಉತ್ಪನ್ನವನ್ನು ಕೊಂಡು ಒಟ್ಟಾಗಿ ಮಾರಾಟ ಮಾಡುತ್ತಿವೆ. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಡಿ ರಚನೆಯಾದ ಇಂತಹ ಸಂಸ್ಥೆಗೆ ಆಡಳಿತ ವೆಚ್ಚಕ್ಕಾಗಿ ಮೂರು ವರ್ಷಗಳಿಗೆ ಗರಿಷ್ಠ 18 ಲಕ್ಷ ರೂಪಾಯಿ ನೆರವು ಇದೆ. ಆ ಅವಧಿ ಮುಗಿದ ನಂತರ ಸಂಬಳ, ಬಾಡಿಗೆ, ಓಡಾಟ ಎಲ್ಲವೂ ಸ್ವಂತ ಗಳಿಕೆಯಿಂದಲೇ ನಡೆಯಬೇಕು. ಆಗ ಮೊದಲು ಕತ್ತರಿ ಬೀಳುವುದು ತರಬೇತಿಯ ಬಾಬಿಗೆ. ನಾಲ್ಕೈದು ಜನ ಕೆಲಸ ಮಾಡುವ ಸಂಸ್ಥೆಗೆ ಸ್ವಂತ ತರಬೇತುದಾರನನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲ, ನಿಜ. ಆದರೆ ತರಬೇತಿಯನ್ನು ಹೊರಗಿನವರಿಂದ ಮಿತವ್ಯಯದಲ್ಲಿ ಪಡೆಯುವುದು ಸಾಧ್ಯ.

ತರಬೇತಿ ಇಲ್ಲದಿದ್ದರೆ ಆಗುವ ನಷ್ಟ

ಮೆಕ್ಕೆಜೋಳದ ಖರೀದಿಯನ್ನೇ ನೋಡೋಣ. ಶೇ. 18 ತೇವಾಂಶವಿರುವ 100 ಕ್ವಿಂಟಾಲ್ ಕಾಳನ್ನು ಗುಮಾಸ್ತರು ತಪ್ಪಾಗಿ ಶೇ. 14 ಎಂದು ಬರೆದುಕೊಂಡು ಕೊಂಡರೆನ್ನಿ. ಆ ರಾಶಿಯಲ್ಲಿ ಒಣ ಪದಾರ್ಥ ಇರುವುದು 82 ಕ್ವಿಂಟಾಲ್ ಮಾತ್ರ. ಅದನ್ನು ಶೇ. 14ಕ್ಕೆ ಒಣಗಿಸಿದಾಗ ತೂಕ ಸುಮಾರು 95.35 ಕ್ವಿಂಟಾಲಿಗೆ ಇಳಿಯುತ್ತದೆ. ಅಂದರೆ 4.65 ಕ್ವಿಂಟಾಲ್ ನೀರಿಗೆ ಕಾಳಿನ ಬೆಲೆ ಕೊಟ್ಟಂತಾಯಿತು. ಕ್ವಿಂಟಾಲಿಗೆ 2,000 ರೂ. ಎಂದು ಹಿಡಿದರೂ ನಷ್ಟ 9,300 ರೂ. ಒಣಗಿಸದೆ ಹಾಗೆಯೇ ದಾಸ್ತಾನು ಮಾಡಿದರೆ ಬೂಷ್ಟು ಹಿಡಿದು ಇಡೀ ರಾಶಿ ತಿರಸ್ಕಾರವಾಗಬಹುದು. ಇದಕ್ಕೆ ವಿರುದ್ಧವಾಗಿ, ಒಣಗಿದ ಕಾಳನ್ನು ಹಸಿ ಎಂದು ಬರೆದರೆ ನಷ್ಟ ಸದಸ್ಯ ರೈತರದು. ಅವರು ಮುಂದಿನ ಸುಗ್ಗಿಗೆ ಕಂಪನಿಯ ಕಡೆ ಮುಖ ಹಾಕುವುದಿಲ್ಲ.

ಮೊದಲು ಅಗತ್ಯದ ಪಟ್ಟಿ

ಯಾರನ್ನು ಕರೆಸಬೇಕೆಂದು ಯೋಚಿಸುವ ಮೊದಲು ಏನು ಕಲಿಯಬೇಕೆಂದು ನಿರ್ದೇಶಕ ಮಂಡಳಿ ತೀರ್ಮಾನಿಸತಕ್ಕದ್ದು. ಹಿಂದಿನ ವರ್ಷದ ದಾಸ್ತಾನು ಪುಸ್ತಕ, ವಾಪಸು ಬಂದ ಲೋಡುಗಳು ಹಾಗೂ ಸದಸ್ಯರ ದೂರುಗಳನ್ನು ಮುಂದಿಟ್ಟುಕೊಂಡು ಹಣ ಎಲ್ಲಿ ಸೋರಿತು ಎಂದು ಗುರುತಿಸಬೇಕು. ಅವುಗಳಲ್ಲಿ ಹೆಚ್ಚು ನಷ್ಟ ತಂದ ಎರಡು ವಿಷಯಗಳನ್ನು ಮಾತ್ರ ಆ ವರ್ಷಕ್ಕೆ ಆರಿಸಿಕೊಳ್ಳುವುದು ಸೂಕ್ತ. "ನಾಯಕತ್ವ", "ವ್ಯಕ್ತಿತ್ವ ವಿಕಸನ" ಮುಂತಾದ ಸಾಮಾನ್ಯ ಶಿಬಿರಗಳಿಗೆ ಹಣ ಹಾಕುವುದನ್ನು ಮುಂದೂಡಬಹುದು.

ಎಲ್ಲಿಂದ ಪಡೆಯಬಹುದು?

1. ಕೃಷಿ ವಿಜ್ಞಾನ ಕೇಂದ್ರ: ಬೀಜೋಪಚಾರ, ಪೀಡೆಗಳ ಗುರುತು, ಕಾಳಿನ ಸಂಗ್ರಹಣೆ ಮುಂತಾದ ವಿಷಯಗಳಿಗೆ ಮೊದಲು ಸಂಪರ್ಕಿಸಬೇಕಾದ ಸ್ಥಳ ಇದು. ಸುಗ್ಗಿಗೆ ಎರಡು ತಿಂಗಳು ಮುಂಚೆಯೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು.

2. ದೇಸಿ ಡಿಪ್ಲೊಮಾ: ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಪ್ರಾರಂಭಿಸಿದ ಈ ಒಂದು ವರ್ಷದ ಶಿಕ್ಷಣ ಕೃಷಿ ಪರಿಕರಗಳ ಮಾರಾಟಗಾರರಿಗಾಗಿ ಇದೆ. ವಾರಕ್ಕೆ ಒಂದೇ ದಿನ ಪಾಠವಿರುವುದರಿಂದ ಅಂಗಡಿಯ ಕೆಲಸ ನಿಲ್ಲುವುದಿಲ್ಲ.

3. ವಿಶೇಷ ಸಂಸ್ಥೆಗಳು: ಆಹಾರ ಸಂಸ್ಕರಣೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಅಲ್ಪಾವಧಿ ತರಬೇತಿಗಳನ್ನು ಶುಲ್ಕ ಪಡೆದು ನಡೆಸುತ್ತದೆ. ಎಲ್ಲರನ್ನೂ ಕಳುಹಿಸುವ ಬದಲು ಒಬ್ಬರನ್ನು ಕಳುಹಿಸಿ, ಅವರಿಂದ ಉಳಿದವರಿಗೆ ಕಲಿಸುವುದು ಲಾಭದಾಯಕ.

4. ಸ್ಥಳೀಯ ಪರಿಣತರು: ಲೆಕ್ಕ, ಜಿ.ಎಸ್.ಟಿ. ವಿಷಯಗಳಿಗೆ ಕಂಪನಿಯ ಲೆಕ್ಕಪರಿಶೋಧಕರನ್ನೋ, ನಿವೃತ್ತ ಸಹಕಾರ ಸಂಘದ ಕಾರ್ಯದರ್ಶಿಗಳನ್ನೋ ಗೌರವಧನ ಕೊಟ್ಟು ಕರೆಸಬಹುದು.

ಯಂತ್ರ ಅಥವಾ ಔಷಧಿ ಮಾರುವವರು ಉಚಿತ ತರಬೇತಿ ಕೊಡಲು ಮುಂದೆ ಬರುತ್ತಾರೆ. ಯಂತ್ರ ನಡೆಸುವುದನ್ನು ಅವರಿಂದ ಧಾರಾಳವಾಗಿ ಕಲಿಯಬಹುದು. ಆದರೆ ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ವಿಶ್ವವಿದ್ಯಾಲಯದ ಶಿಫಾರಸಿನೊಂದಿಗೆ ತಾಳೆ ನೋಡಲೇಬೇಕು.

ನೆರೆಯವರೊಂದಿಗೆ ಕೂಡಿ ಖರ್ಚು ಹಂಚಿಕೆ

ಒಬ್ಬ ತರಬೇತುದಾರರ ಒಂದು ದಿನದ ಶುಲ್ಕ 6,000 ರೂ. ಎಂದು ಇಟ್ಟುಕೊಳ್ಳೋಣ. ಅಕ್ಕಪಕ್ಕದ ಮೂರು ಕಂಪನಿಗಳು ಕೂಡಿ ಕರೆಸಿದರೆ ತಲಾ 2,000 ರೂ. ಮಾತ್ರ ಬೀಳುತ್ತದೆ. ಮೇಲೆ ಹೇಳಿದ ಒಂದು ತಪ್ಪಿನ ನಷ್ಟದೊಂದಿಗೆ ಇದನ್ನು ಹೋಲಿಸಿ ನೋಡಿ. ಮೂರೂ ಕಡೆಯಿಂದ ಸೇರಿ 12–15 ಜನರಿಗೆ ಮೀರದಿರಲಿ. ಗುಂಪು ದೊಡ್ಡದಾದರೆ ಎಲ್ಲರಿಗೂ ಕೈಯಾರೆ ಮಾಡುವ ಅವಕಾಶ ಸಿಗುವುದಿಲ್ಲ.

ಬರವಣಿಗೆಯಲ್ಲಿ ಕರಾರು

ಬಾಯಿಮಾತಿನ ಒಪ್ಪಂದ ಸಾಲದು. ಒಂದು ಪುಟದ ಕರಾರಿನಲ್ಲಿ ಕೆಳಗಿನ ಅಂಶಗಳಿರಬೇಕು.

ಅ) ತರಬೇತಿಯ ಕೊನೆಗೆ ಸಿಬ್ಬಂದಿ ಏನು ಮಾಡಬಲ್ಲವರಾಗಬೇಕು ಎಂಬ ಸ್ಪಷ್ಟ ವಿವರ.
ಆ) ಪಾಠ ಕನ್ನಡದಲ್ಲಿ, ಕಂಪನಿಯದೇ ಉಗ್ರಾಣದಲ್ಲಿ, ಕಂಪನಿಯದೇ ತಕ್ಕಡಿ ಹಾಗೂ ತೇವಾಂಶ ಮಾಪಕದಿಂದ ನಡೆಯಬೇಕು.
ಇ) ಅರ್ಧಕ್ಕಿಂತ ಹೆಚ್ಚು ಸಮಯ ಪ್ರಾಯೋಗಿಕ ಕೆಲಸಕ್ಕೆ ಮೀಸಲಿರಬೇಕು.
ಈ) ಶುಲ್ಕದ ಅರ್ಧಭಾಗ ಅಂದು, ಉಳಿದರ್ಧ ತಿಂಗಳ ನಂತರ ಮತ್ತೆ ಬಂದು ತಪ್ಪು ತಿದ್ದಿಕೊಟ್ಟ ಮೇಲೆ.

ಕಲಿತದ್ದರ ಪರೀಕ್ಷೆ

ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಕೆಲಸ ಬಂದಂತಲ್ಲ. ತೇವಾಂಶದ ವಿಷಯದಲ್ಲಿ ಹೀಗೆ ಪರೀಕ್ಷಿಸಬಹುದು: ಚೀಲದ ಬಾಯಿಯಿಂದ ಮಾತ್ರವಲ್ಲದೆ ನಡು ಮತ್ತು ತಳದಿಂದಲೂ ಮಾದರಿ ತೆಗೆಯುತ್ತಾರೆಯೇ? ಮಾಪಕವನ್ನು ಆಯಾ ಬೆಳೆಗೆ ಹೊಂದಿಸುತ್ತಾರೆಯೇ? ಬಿಸಿಲಿನಿಂದ ಆಗಷ್ಟೇ ತಂದ ಬಿಸಿ ಕಾಳನ್ನು ಆರಲು ಬಿಟ್ಟು ಅಳೆಯುತ್ತಾರೆಯೇ? ಒಂದೇ ರಾಶಿಯನ್ನು ಇಬ್ಬರು ಬೇರೆಬೇರೆಯಾಗಿ ಅಳೆದಾಗ ಉತ್ತರ ಹೆಚ್ಚುಕಡಿಮೆ ಒಂದೇ ಬಂದರೆ ತರಬೇತಿ ಫಲಿಸಿತೆಂದು ತಿಳಿಯಬಹುದು. ಪ್ರತಿ ಕೆಲಸವನ್ನೂ ಕನಿಷ್ಠ ಇಬ್ಬರು ಕಲಿತಿರುವುದು ಅವಶ್ಯಕ. ಒಬ್ಬರು ಕೆಲಸ ಬಿಟ್ಟು ಹೋದರೂ ಕಲಿತದ್ದು ಕಂಪನಿಯಲ್ಲಿ ಉಳಿಯುತ್ತದೆ.

ಹೊರಗಿನವರಿಂದ ಪಾಠವನ್ನು ಕೊಳ್ಳಬಹುದು, ಉಸ್ತುವಾರಿಯನ್ನಲ್ಲ. ಏನು ಕಲಿಯಬೇಕು, ಕಲಿತದ್ದು ನಡೆಯುತ್ತಿದೆಯೇ ಎಂದು ನೋಡುವ ಹೊಣೆ ನಿರ್ದೇಶಕರದೇ. ಆದುದರಿಂದ ರೈತ ಬಾಂಧವರು ಮುಂದಿನ ವಾರ್ಷಿಕ ಸಭೆಯಲ್ಲಿ ಲಾಭಾಂಶದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: "ನಮ್ಮ ಕಾಳನ್ನು ಅಳೆಯುವವರಿಗೆ ಈ ವರ್ಷ ಏನು ಕಲಿಸಿದ್ದೀರಿ?"