ಗೊರಿಲ್ಲಾ ವೈದ್ಯೆ ಆಗಬೇಕೆಂದವಳಿಗೆ

ಪುಟ್ಟಿ,

ಪಶುವೈದ್ಯ ಕಾಲೇಜು ಮುಗಿದ ಮೇಲೆ ದನ-ಎಮ್ಮೆ ಬೇಡ, ಆಫ್ರಿಕಾಕ್ಕೆ ಹೋಗಿ ಗೊರಿಲ್ಲಾಗಳಿಗೆ ಮದ್ದು ಮಾಡುತ್ತೇನೆ ಅಂತ ಬರೆದಿದ್ದೀಯ. ನಿನ್ನಪ್ಪ ಅದನ್ನೋದಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ನಾನು ಹೋಗಬೇಡ ಅನ್ನುವುದಿಲ್ಲ. ಖಂಡಿತ ಹೋಗು. ಆದರೆ ಸರ್ವಿಸ್ ಪೂರ್ತಿ ಮಲೆನಾಡಿನ ಕೊಟ್ಟಿಗೆಗಳಲ್ಲಿ ಸವೆಸಿದ ಈ ದೊಡ್ಡಪ್ಪನ ಕಿವಿಮಾತು ನಾಲ್ಕು ಕೇಳಿಸಿಕೊಂಡು ಹೋಗು.

ನಿನ್ನ ಪತ್ರದ ತುಂಬ ಕಾಡು, ಮಂಜು, ಅರವಳಿಕೆಯ ಬಂದೂಕು ಇವೇ ಇವೆ. ಜನ ಎಲ್ಲೂ ಇಲ್ಲ. ನನಗೆ ಸರಿಬಾರದ್ದು ಅದೊಂದೇ. ಗೊರಿಲ್ಲಾ ವೈದ್ಯರ ಅರ್ಧ ಕೆಲಸ ಕಾಡಂಚಿನ ಮನೆಗಳ ಅಂಗಳದಲ್ಲಿ ಆಗುವಂಥದ್ದು. ಇದು ನಾನು ಹೊಸೆದ ಮಾತಲ್ಲ. ಉಗಾಂಡಾದ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಎಂಬಾಕೆ ಇದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿತರು. ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1996ರಲ್ಲಿ ಆಕೆ ಅಲ್ಲಿನ ವನ್ಯಜೀವಿ ಇಲಾಖೆಯ ಮೊದಲ ಪಶುವೈದ್ಯೆಯಾದರು. ಲಂಡನ್ನಿನಲ್ಲಿ ಓದಿ ಬಂದ ಇಪ್ಪತ್ತಾರರ ಹುಡುಗಿ. ಅದೇ ವರ್ಷ ಬ್ವಿಂಡಿ ಕಾಡಿನಿಂದ ಸುದ್ದಿ ಬಂತು: ಬೆಟ್ಟದ ಗೊರಿಲ್ಲಾಗಳ ಕೂದಲು ಉದುರುತ್ತಿದೆ, ಚರ್ಮ ಬೆಳ್ಳಗೆ ಹೊಪ್ಪಳೆ ಏಳುತ್ತಿದೆ. ಆಕೆ ಮೊದಲು ಮಾಡಿದ್ದೇನು ಗೊತ್ತೇ? ಮನುಷ್ಯರ ಡಾಕ್ಟರೊಬ್ಬರನ್ನು ಹುಡುಕಿಕೊಂಡು ಹೋಗಿ, ಇಲ್ಲಿನ ಜನರಿಗೆ ಹೆಚ್ಚಾಗಿ ಬರುವ ಚರ್ಮರೋಗ ಯಾವುದು ಅಂತ ಕೇಳಿದರು. ಕಜ್ಜಿ ಅಂತ ಉತ್ತರ ಬಂತು. ಕಾಡಿಗೆ ಹೋಗಿ ನೋಡಿದರೆ ಕಜ್ಜಿಯೇ. ಐವರ್‌ಮೆಕ್ಟಿನ್ ಚುಚ್ಚಿದ ಮೇಲೆ ಗುಂಪಿನ ಉಳಿದವು ಚೇತರಿಸಿಕೊಂಡವು, ಮರಿಯೊಂದು ಮಾತ್ರ ಉಳಿಯಲಿಲ್ಲ. ನಾವು ಎಮ್ಮೆಯ ಹುರುಕಿಗೆ ಹಾಕುವುದೂ ಅದೇ ಐವರ್‌ಮೆಕ್ಟಿನ್. ಆದ್ದರಿಂದ ಕೊಟ್ಟಿಗೆಯಲ್ಲಿ ಕಲಿಯುತ್ತಿರುವುದು ದಂಡ ಅಂತ ಅಂದುಕೊಳ್ಳಬೇಡ.

ಕಜ್ಜಿ ಎಲ್ಲಿಂದ ಹತ್ತಿತು? ಬ್ವಿಂಡಿಯ ಸುತ್ತ ಕಾಡಿನ ಗಡಿಗೆ ಅಂಟಿಕೊಂಡೇ ತೋಟಗಳಿವೆ. ಗೊರಿಲ್ಲಾಗಳಿಗೆ ಬಾಳೆದಿಂಡೆಂದರೆ ಪ್ರಾಣ. ರೈತರು ತೋಟ ಕಾಯಲು ಬೆರ್ಚಪ್ಪನನ್ನು ನಿಲ್ಲಿಸಿ ಅದಕ್ಕೆ ಮನೆಯ ಹಳೇ ಬಟ್ಟೆ ತೊಡಿಸುತ್ತಾರೆ. ನೀರಿಗೆ ಬರ, ಸೋಪಿಗೆ ಬರ, ಆಸ್ಪತ್ರೆ ದೂರ ಇರುವ ಮನೆಗಳ ಬಟ್ಟೆ ಅದು. ಕುತೂಹಲದ ಪ್ರಾಣಿ ಅದನ್ನು ಮುಟ್ಟುತ್ತದೆ, ಮೂಸುತ್ತದೆ, ಎಳೆದಾಡುತ್ತದೆ. ನಮಗೂ ಅದಕ್ಕೂ ವಂಶವಾಹಿಯಲ್ಲಿ ಶೇಕಡಾ 98ರಷ್ಟು ಸಾಮ್ಯ. ಹೀಗಾಗಿ ನಮ್ಮ ಕಜ್ಜಿ, ಕೆಮ್ಮು, ಕರುಳಿನ ಹುಳ ಯಾವುದಕ್ಕೂ ಅದರ ಮೈಯಲ್ಲಿ ತಡೆಯಿಲ್ಲ.

ಇನ್ನೊಂದು ಇಕ್ಕಟ್ಟಿದೆ. ಬ್ವಿಂಡಿಯಲ್ಲಿ 1993ರಿಂದ ಪ್ರವಾಸಿಗರಿಗೆ ಗೊರಿಲ್ಲಾ ತೋರಿಸುತ್ತಾರೆ. ಅದಕ್ಕಾಗಿ ಒಂದು ಗುಂಪಿನ ಹಿಂದೆ ದಿನಾ ನಡೆದು, ಎರಡು ವರ್ಷ ತಾಳ್ಮೆಯಿಂದ ಕಾದು, ಅವು ಮನುಷ್ಯರನ್ನು ಕಂಡರೆ ಓಡದಂತೆ ರೂಢಿ ಮಾಡಿಸುತ್ತಾರೆ. ರೂಢಿಯಾದ ಗೊರಿಲ್ಲಾ ಪ್ರವಾಸಿಗನಿಗೆ ಹೆದರುವುದಿಲ್ಲ ಸರಿ, ತೋಟದ ಯಜಮಾನನಿಗೂ ಹೆದರುವುದಿಲ್ಲ. ಕಾಡು ಕಾಯಲು ದುಡ್ಡು ತರುವುದು ಈ ಸಲಿಗೆ, ರೋಗ ಹತ್ತಿಸುವುದೂ ಇದೇ ಸಲಿಗೆ. ಒಂದು ತಾಸಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ, ಏಳು ಮೀಟರ್ ದೂರ (ಕೋವಿಡ್ ನಂತರ ಹತ್ತು), ಮುಖಕ್ಕೆ ಮಾಸ್ಕ್, ನೆಗಡಿಯಾದವರಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆಗಳೆಲ್ಲ ಹುಟ್ಟಿದ್ದು ಇದಕ್ಕೆ. ಸಾವಿರಾರು ಮೈಲಿ ದಾಟಿ, ಕೈತುಂಬ ಡಾಲರ್ ಕೊಟ್ಟು ಬಂದವನು ಒಂದು ಕೆಮ್ಮಿಗಾಗಿ ಹಿಂದಿರುಗಲು ಒಪ್ಪುತ್ತಾನೆಯೇ? ಗುಳಿಗೆ ನುಂಗಿ ನೆಗಡಿ ಮುಚ್ಚಿಡುತ್ತಾನೆ. 2009ರಲ್ಲಿ ರುವಾಂಡಾದ ಹಿರ್ವಾ ಎಂಬ ಗುಂಪಿಗೆ ಮನುಷ್ಯರ ಉಸಿರಾಟದ ವೈರಾಣು ತಗುಲಿ ಒಂದು ಹೆಣ್ಣು, ಒಂದು ಮರಿ ಸತ್ತವು. ನಮ್ಮ ಮಕ್ಕಳಿಗೆ ಬಂದರೆ ಒಂದು ವಾರ ಮೂಗು ಸುರಿಸಿ ಹೋಗುವಂಥ ವೈರಾಣು. ಗೊರಿಲ್ಲಾ ತಾಯಿಗೆ ಮರಿಯಾಗುವುದು ನಾಲ್ಕು ವರ್ಷಕ್ಕೊಮ್ಮೆ. ಒಂದು ಹೆಣ್ಣು ಹೋದರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕೆಂದು ನೀನೇ ಲೆಕ್ಕ ಹಾಕು.

ಹಳಬರ ಕಥೆಯನ್ನೂ ತಿಳಿದಿರು. ಕಾರ್ಲ್ ಏಕ್ಲಿ ಎಂಬ ಅಮೆರಿಕದವನು 1921ರಲ್ಲಿ ವಿರುಂಗಾ ಬೆಟ್ಟಗಳಿಗೆ ಬಂದದ್ದು ಮ್ಯೂಸಿಯಮ್ಮಿಗಾಗಿ ಗೊರಿಲ್ಲಾಗಳನ್ನು ಹೊಡೆಯಲಿಕ್ಕೆ. ಹೊಡೆದವನೇ ಆಮೇಲೆ ಅವುಗಳ ಪರವಾಗಿ ಬೆಲ್ಜಿಯಂ ರಾಜನನ್ನು ಕಾಡಿಬೇಡಿದ. 1925ರಲ್ಲಿ ಅಲ್ಲಿ ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಮರುವರ್ಷ ಕಬಾರಾ ಎಂಬಲ್ಲಿ ಸತ್ತ, ಅಲ್ಲೇ ಮಣ್ಣಾದ. 1959ರಲ್ಲಿ ಜಾರ್ಜ್ ಶಾಲರ್ ಅದೇ ಕಬಾರಾದಲ್ಲಿ ಬಿಡಾರ ಹೂಡಿದರು. ಗೊರಿಲ್ಲಾ ಎಂದರೆ ಮೈಮೇಲೆ ಬೀಳುವ ರಾಕ್ಷಸ ಎಂದು ಜಗತ್ತು ನಂಬಿದ್ದ ಕಾಲ. ಇವರು ಬಂದೂಕು ಹಿಡಿಯದೆ, ಅಡಗದೆ, ಅವುಗಳ ಕಣ್ಣಿಗೆ ಕಾಣುವಂತೆಯೇ ಕೂತು ಟಿಪ್ಪಣಿ ಬರೆದರು. ಅವುಗಳು ಸೊಪ್ಪು-ಸದೆ ತಿನ್ನುತ್ತ, ಮರಿಗಳನ್ನು ಆಡಿಸುತ್ತ, ಮಧ್ಯಾಹ್ನ ನಿದ್ದೆ ಹೊಡೆಯುವ ಸಂಸಾರಸ್ಥ ಪ್ರಾಣಿಗಳೆಂದು ತೋರಿಸಿಕೊಟ್ಟರು. ಅನ್ವೇಷಣೆ ಅಂದರೆ ಹೀಗಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಕಾಣದ್ದನ್ನು ಕಂಡವರಿಗಿಂತ ಎಲ್ಲರೂ ಕಂಡಿದ್ದನ್ನು ಕೂತು ನೋಡಿದವರು ನನಗೆ ಇಷ್ಟ.

ಡಯಾನ್ ಫಾಸಿಯ ಫೋಟೋ ನಿನ್ನ ಹಾಸ್ಟೆಲ್ ಗೋಡೆ ಮೇಲಿದೆ ಅಂತ ನಿನ್ನಮ್ಮ ಹೇಳಿದಳು. ಇರಲಿ. 1967ರಲ್ಲಿ ರುವಾಂಡಾದ ಬದಿಯಲ್ಲಿ ಕರಿಸೋಕೆ ಕೇಂದ್ರ ಕಟ್ಟಿ, ಹದಿನೆಂಟು ವರ್ಷ ಆ ಚಳಿ-ಕೆಸರಿನಲ್ಲಿ ನಿಂತ ಹೆಂಗಸು. ಒಂದೊಂದು ಗೊರಿಲ್ಲಾವನ್ನೂ ಅದರ ಮೂಗಿನ ಮೇಲಿನ ಗೆರೆಗಳಿಂದ ಗುರುತು ಹಿಡಿಯುತ್ತಿದ್ದರು. ಅವರ ಅಚ್ಚುಮೆಚ್ಚಿನ ಡಿಜಿಟ್‌ನನ್ನು 1977ರ ಕೊನೆಯ ದಿನ ಕಳ್ಳಬೇಟೆಗಾರರು ಈಟಿಯಿಂದ ತಿವಿದು ಕೊಂದು ತಲೆ, ಕೈ ಕಡಿದೊಯ್ದರು. ಆ ಸಂಕಟ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಆಕೆ ಸುತ್ತಲಿನ ಜನರ ದನ ಹಿಡಿದಿಟ್ಟರು, ಮುಖವಾಡ ಹಾಕಿ ಹೆದರಿಸಿದರು, ಸಿಕ್ಕಿಬಿದ್ದ ಬೇಟೆಗಾರರಿಗೆ ಹಿಂಸೆ ಕೊಟ್ಟರು. 1985ರ ಡಿಸೆಂಬರಿನಲ್ಲಿ ತಮ್ಮ ಗುಡಿಸಲಲ್ಲೇ ಕೊಲೆಯಾದರು. ಆಕೆಯ ಛಲವನ್ನು ಎರಡು ಕೈಯಲ್ಲೂ ತೆಗೆದುಕೋ, ಆದರೆ ಊರಿನವರನ್ನೆಲ್ಲ ವೈರಿಗಳೆಂದು ಎಣಿಸಿದ ಆ ದಾರಿ ಹಿಡಿಯಬೇಡ. ಗೊರಿಲ್ಲಾಗಳಿಗೆ ಒಬ್ಬ ಪಶುವೈದ್ಯ ಬೇಕೆಂದು ಆಕೆ ಕೇಳಿಕೊಂಡಿದ್ದರು. ಆ ವೈದ್ಯ ಬಂದದ್ದು 1986ರಲ್ಲಿ, ಆಕೆ ಸತ್ತ ಮೇಲೆ. ಇವತ್ತಿನ ‘ಗೊರಿಲ್ಲಾ ಡಾಕ್ಟರ್ಸ್’ ಸಂಸ್ಥೆಯ ಬೇರು ಅದು.

ಈ ಸಂಸ್ಥೆಯ ಒಂದು ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ. ಪ್ರಾಣಿಗೆ ಏನಾದರೂ ಆಯಿತೆಂದು ಓಡಿಹೋಗಿ ಚುಚ್ಚುವಂತಿಲ್ಲ. ಮನುಷ್ಯನಿಂದಾದ ಹಾನಿಯಾಗಿರಬೇಕು, ಇಲ್ಲವೇ ಪ್ರಾಣಕ್ಕೇ ಕುತ್ತಿರಬೇಕು. ಜಿಂಕೆಗೆಂದು ಒಡ್ಡಿದ ಉರುಳಿಗೆ ಮರಿಯ ಕೈ ಸಿಕ್ಕಿಕೊಂಡರೆ ಬಿಡಿಸುತ್ತಾರೆ. ಎರಡು ಗಂಡುಗಳು ಕಾದಾಡಿ ಗೀರಿಕೊಂಡರೆ ದೂರದಿಂದ ನೋಡುತ್ತಾರೆ, ಬರೆದಿಡುತ್ತಾರೆ, ಬಿಡುತ್ತಾರೆ. ಕೈಕಟ್ಟಿ ನಿಲ್ಲುವುದು ನಿನ್ನ ವಯಸ್ಸಿನಲ್ಲಿ ಕಷ್ಟ. ಅದನ್ನು ಈಗಿನಿಂದಲೇ ಅಭ್ಯಾಸ ಮಾಡು.

ಇಷ್ಟೆಲ್ಲ ಮಾಡಿ ಫಲವಿದೆಯೇ ಅಂದರೆ, ಇದೆ. 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ ಸುಮಾರು 250 ಗೊರಿಲ್ಲಾ ಉಳಿದಿದ್ದವು. 2015-16ರ ಗಣತಿಗೆ 604 ಆದವು. ಬ್ವಿಂಡಿ ಕಡೆ 2018ರಲ್ಲಿ 459. ಎರಡೂ ಸೇರಿ 1,063. ಲೋಕದಲ್ಲಿ ಬೆಟ್ಟದ ಗೊರಿಲ್ಲಾ ಇರುವುದು ಈ ಎರಡು ಕಡೆ ಮಾತ್ರ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ವಿರುಂಗಾದ ನಾಲ್ಕು ದಶಕಗಳ ಲೆಕ್ಕ ತೆಗೆದು ನೋಡಿದರು: ದಿನಾ ಕಾವಲು, ವೈದ್ಯರ ಆರೈಕೆ ಎರಡೂ ಸಿಕ್ಕ ಗುಂಪುಗಳು ವರ್ಷಕ್ಕೆ ಶೇಕಡಾ 4ರಂತೆ ಬೆಳೆದಿದ್ದವು, ಸಿಗದ ಗುಂಪುಗಳು ಕುಗ್ಗಿದ್ದವು. 2018ರ ನವೆಂಬರಿನಲ್ಲಿ ಇವನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. ಉಳಿದ ಗೊರಿಲ್ಲಾ ಬಳಗಗಳಿಗೆ ಈ ಅದೃಷ್ಟವಿಲ್ಲ. ಕಾಂಗೋದ ಲೊಸ್ಸಿಯಲ್ಲಿ 2002-03ರ ಎಬೋಲಾ ಗೊರಿಲ್ಲಾಗಳನ್ನು ಗುಂಪುಗುಂಪಾಗಿ ನುಂಗಿತು.

ಈ ಗಣತಿ ಹೇಗೆ ಮಾಡುತ್ತಾರೆ ಅಂತ ನಿನಗೆ ಹೇಳಲೇಬೇಕು. ಗೊರಿಲ್ಲಾ ಪ್ರತಿ ರಾತ್ರಿ ಸೊಪ್ಪು ಮಡಚಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ, ಬೆಳಗ್ಗೆ ಎದ್ದು ಹೋಗುವಾಗ ಅಲ್ಲಿ ಲದ್ದಿ ಬಿಟ್ಟಿರುತ್ತದೆ. ಗಣತಿದಾರರು ಪ್ರಾಣಿಯ ಮುಖವನ್ನೇ ನೋಡದೆ ಆ ಹಾಸಿಗೆ ಎಣಿಸಿ, ಲದ್ದಿಯ ಡಿಎನ್‌ಎಯಿಂದ ಯಾರು ಯಾರು ಎಂದು ಬೇರ್ಪಡಿಸುತ್ತಾರೆ. ಗ್ಲಾಡಿಸ್ ಅವರ ತಂಡ ಅದೇ ಲದ್ದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಹುಳಗಳನ್ನು ಅಕ್ಕಪಕ್ಕದ ಜನರ ಮತ್ತು ದನಗಳ ಹುಳಗಳ ಜೊತೆ ಹೋಲಿಸುತ್ತದೆ. ಎಲ್ಲಿಂದ ಎಲ್ಲಿಗೆ ದಾಟಿತೆಂದು ಮುಂಚೆಯೇ ಗೊತ್ತಾಗಲಿ ಅಂತ. ಮೂಗು ಮುಚ್ಚಿಕೊಳ್ಳುವವರಿಗೆ ಆ ಕೆಲಸವಲ್ಲ.

2003ರಲ್ಲಿ ಗ್ಲಾಡಿಸ್, ಅವರ ಗಂಡ ಲಾರೆನ್ಸ್ ಮತ್ತು ಸ್ಟೀಫನ್ ರುಬಾಂಗಾ ಎಂಬುವರು ಸೇರಿ ಒಂದು ಸಂಸ್ಥೆ ಕಟ್ಟಿದರು. ಜನರ ಆರೋಗ್ಯದ ಮೂಲಕ ವನ್ಯಜೀವಿ ಉಳಿಸುವುದು ಎನ್ನುವುದು ಅದರ ಹೆಸರಲ್ಲೇ ಇದೆ. ಹಳ್ಳಿಯವರನ್ನೇ ಆರಿಸಿ ತರಬೇತಿ ಕೊಟ್ಟರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅವರು ಮನೆಮನೆಗೆ ಹೋಗುತ್ತಾರೆ. ಕೆಮ್ಮು ಬಿಡದವರನ್ನು ಕ್ಷಯದ ಪರೀಕ್ಷೆಗೆ ಕಳಿಸುತ್ತಾರೆ, ಪಾಯಿಖಾನೆ ಇದೆಯೇ ಎಂದು ನೋಡುತ್ತಾರೆ, ಕುಟುಂಬ ಯೋಜನೆಯ ಮಾತಾಡುತ್ತಾರೆ, ಜೊತೆಗೇ ತೋಟಕ್ಕೆ ಗೊರಿಲ್ಲಾ ಬಂತೇ ಎಂದೂ ಕೇಳುತ್ತಾರೆ. ಬಂದಿದ್ದರೆ ಕಲ್ಲು ಹೊಡೆಯದೆ ಕಾಡಿಗೆ ತಿರುಗಿಸಲು ಊರಿನ ಸ್ವಯಂಸೇವಕರ ಬೇರೊಂದು ಪಡೆಯೇ ಇದೆ. ಮಕ್ಕಳ ಜ್ವರ ಕೇಳಿದವರು ಕಾಡಿನ ಮಾತೆತ್ತಿದರೆ ಜನ ಕಿವಿಗೊಡುತ್ತಾರೆ. ಬರೀ ಕಾಡಿನ ಮಾತೆತ್ತುವವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ, ಅಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ. 2015ರಿಂದ ಆಕೆ ಅಲ್ಲಿನ ರೈತರ ಕಾಫಿಯನ್ನು ಒಳ್ಳೇ ದರಕ್ಕೆ ಕೊಂಡು ಮಾರುವ ಉದ್ಯಮವನ್ನೂ ಶುರುಮಾಡಿದರು. ಕಾಫಿಗೆ ದರ ಬಿದ್ದ ವರ್ಷ ಮನೆಗಳು ಹೇಗಿರುತ್ತವೆ ಎಂದು ಬಾಳೆಹೊನ್ನೂರಿನ ನಿನ್ನ ಸೋದರಮಾವನನ್ನು ಕೇಳು, ಪಶುವೈದ್ಯೆಗೇಕೆ ಕಾಫಿ ವ್ಯಾಪಾರ ಎಂಬ ಪ್ರಶ್ನೆ ಏಳುವುದಿಲ್ಲ.

ಹೊಟ್ಟೆಯ ಪ್ರಶ್ನೆ ಎಷ್ಟು ದೊಡ್ಡದೆಂದು 2020 ತೋರಿಸಿತು. ಕೋವಿಡ್ ಬಂತು, ಪ್ರವಾಸಿಗರು ನಿಂತರು, ದುಡಿಮೆ ನಿಂತಿತು. ಜೂನ್ ಮೊದಲ ವಾರದೊಳಗೆ ಬ್ವಿಂಡಿಯ ಎನ್‌ಕುರಿಂಗೋ ಗುಂಪಿನ ಯಜಮಾನ, ಬೆಳ್ಳಿಬೆನ್ನಿನ ರಫಿಕಿ, ಈಟಿಯ ಗಾಯದಿಂದ ಸತ್ತುಬಿದ್ದಿತ್ತು. ಕೊಂದವನು ಸಣ್ಣಪುಟ್ಟ ಪ್ರಾಣಿ ಹಿಡಿಯಲು ಕಾಡಿಗೆ ನುಗ್ಗಿದ್ದವನು. ಅವನಿಗೆ ಹನ್ನೊಂದು ವರ್ಷ ಜೈಲಾಯಿತು. ಆಗಬೇಕಾದ್ದೇ. ಆದರೆ ಗ್ಲಾಡಿಸ್ ಅವರ ತಂಡ ಅದೇ ಹೊತ್ತಿನಲ್ಲಿ ಬಡ ಮನೆಗಳಿಗೆ ಬೇಗ ಫಸಲು ಕೊಡುವ ಬೆಳೆಗಳ ಸಸಿ ಹಂಚಿತು. ಮುಂದಿನ ರಫಿಕಿಯನ್ನು ಉಳಿಸುವುದು ಯಾವುದು ಎಂದು ಕೇಳಿದರೆ ನಾನು ಸಸಿಯನ್ನೇ ತೋರಿಸುತ್ತೇನೆ.

ಇಷ್ಟು ಹೊಗಳಿದವನು ಒಂದು ಕಹಿಯನ್ನು ಬಚ್ಚಿಡಬಾರದು. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ತಲೆತಲಾಂತರದಿಂದ ಬದುಕಿದ್ದ ಬಟ್ವಾ ಜನರನ್ನು ಹೊರಹಾಕಿದರು. ಜೇನು, ಗೆಡ್ಡೆ, ಮದ್ದಿನ ಬೇರು ಎಲ್ಲ ಒಳಗೇ ಉಳಿಯಿತು, ಅವರು ಬೇರೆಯವರ ಹೊಲದಂಚಿಗೆ ಬಂದು ಬಿದ್ದರು. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಜೇನುಕುರುಬರನ್ನು ನೋಡಿದ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊರಿಲ್ಲಾ ಸಂಖ್ಯೆ ಏರಿದ ಸಂತೋಷದ ಲೆಕ್ಕಪುಸ್ತಕದಲ್ಲಿ ಆ ಬಾಕಿ ಇನ್ನೂ ತೀರಿಲ್ಲ. ಅಲ್ಲಿಗೆ ಹೋದಾಗ ಯಾರಾದರೂ ಬಟ್ವಾ ಹಿರಿಯರು ಸಿಟ್ಟಿನಿಂದ ಮಾತಾಡಿದರೆ ಎದುರುತ್ತರ ಕೊಡಬೇಡ, ಕೂತು ಕೇಳು.

ಇನ್ನು ನಮ್ಮ ಮನೆಬಾಗಿಲ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಮಂಗನ ಕಾಯಿಲೆಯ ವೈರಾಣು ಪತ್ತೆಯಾದದ್ದು ಹಾಗೆ. ಉಣುಗಿನಿಂದ ಹರಡುವ ರೋಗ. ಮಂಗ ಬಿದ್ದರೆ ಅದರ ಮೈಯ ಉಣುಗುಗಳು ನೆಲಕ್ಕುದುರುತ್ತವೆ, ದನದ ಹಿಂದೆ, ತರಗೆಲೆಗೆ ಕಾಡಿಗೆ ಹೋದವರಿಗೆ ಹತ್ತುತ್ತವೆ. ಬ್ವಿಂಡಿಯಲ್ಲಿ ಮನುಷ್ಯರಿಂದ ಪ್ರಾಣಿಗೆ, ಇಲ್ಲಿ ಕಾಡಿನಿಂದ ಮನುಷ್ಯನಿಗೆ. ದಿಕ್ಕು ಬೇರೆ, ಹಾದಿ ಅದೇ ಕಾಡಂಚು. 2018-19ರಲ್ಲಿ ಸಾಗರದ ಅರಳಗೋಡು ಎಷ್ಟು ನರಳಿತೆಂದು ನಿನಗೇ ನೆನಪಿರಬೇಕು. ಆಗಲೂ ಸತ್ತ ಮಂಗದ ಸುದ್ದಿ ಮೊದಲು ತಲುಪಿಸುತ್ತಿದ್ದವರು ದನ ಕಾಯುವವರು, ಸೌದೆಗೆ ಹೋದ ಹೆಂಗಸರು.

ಆದ್ದರಿಂದ ಕಂಪಾಲಕ್ಕೆ ಟಿಕೆಟ್ ಹುಡುಕುವ ಮೊದಲು ಈ ರಜೆಗೆ ಇಲ್ಲಿಗೆ ಬಾ. ಪ್ರಾಥಮಿಕ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆಗೆ ಹೇಳಿಟ್ಟಿದ್ದೇನೆ. ಅವಳ ಜೊತೆ ಒಂದು ತಿಂಗಳು ಮನೆಮನೆ ಸುತ್ತು. ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ ಅಂದರೆ ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೋ, ಬೈಯಬೇಡ. ಬಿಡುವಿನಲ್ಲಿ ಸ್ವಾಹಿಲಿ ಕಲಿ, ಬ್ವಿಂಡಿ ಕಡೆಯ ರುಕಿಗಾ ಭಾಷೆಯ ನಾಲ್ಕು ಮಾತು ಬಂದರೆ ಇನ್ನೂ ಒಳ್ಳೇದು. ಸಗಣಿ ಪರೀಕ್ಷೆಯಲ್ಲಿ ಯಾವ ಹುಳದ ಮೊಟ್ಟೆ ಯಾವುದೆಂದು ಕಣ್ಣಿಗೆ ಬಿದ್ದ ಕೂಡಲೇ ಹೇಳುವಷ್ಟು ಕೈ ಪಳಗಿಸಿಕೋ. ಗಂಬೂಟು ತರುವುದನ್ನು ಮರೆಯಬೇಡ, ಜನವರಿಗೆಲ್ಲ ಉಣುಗು ಏಳುತ್ತವೆ. ನಿನ್ನಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ.

ನಿನ್ನ ದೊಡ್ಡಪ್ಪ