ದುಃಖಸತ್ಯದ ಪರಿಜ್ಞಾನ

ಬುದ್ಧದೇವನು ಸಾರನಾಥದ ಪ್ರಥಮೋಪದೇಶದಲ್ಲಿ ನಾಲ್ಕು ಆರ್ಯಸತ್ಯಗಳನ್ನು ನಿರೂಪಿಸಿದನೆಂಬುದು ಶಾಲಾಬಾಲಕರಿಗೂ ವಿದಿತವಾದ ವಿಷಯ. ಆ ನಾಲ್ಕಕ್ಕೂ ಒಂದೊಂದು ಕರ್ತವ್ಯವನ್ನು ಆತನು ವಿಧಿಸಿರುವುದನ್ನಾದರೋ ನಾವು ಲಕ್ಷಿಸುವುದು ವಿರಳ. ದುಃಖಕ್ಕೆ ಕಾರಣವಾದ ತೃಷ್ಣೆಯನ್ನು ತೊರೆಯಬೇಕು, ನಿರೋಧವನ್ನು ಸಾಕ್ಷಾತ್ಕರಿಸಿಕೊಳ್ಳಬೇಕು, ಮಾರ್ಗವನ್ನು ಅಭ್ಯಸಿಸಬೇಕು. ದುಃಖವನ್ನು ಮಾತ್ರ ಸಂಪೂರ್ಣವಾಗಿ ಅರಿಯಬೇಕು. ಅದನ್ನು ಮಾತಿನಿಂದ ಓಡಿಸಬೇಕೆಂದು ಆತನು ಹೇಳಲಿಲ್ಲ.

ಮೂವತ್ತು ವರ್ಷ ಈ ಪಾಠವನ್ನು ಹೇಳಿದ ನನಗೆ ಈ ಭೇದವು ಮನಗಂಡದ್ದು ಗ್ರಂಥದಿಂದಲ್ಲ. ಸಾವಾದ ಮನೆಗಳಿಗೆ ಹೋಗಿ, ಸಂಸಾರದ ಅನಿತ್ಯತೆಯನ್ನು ಕುರಿತು ನಾಲ್ಕು ಶ್ಲೋಕಗಳನ್ನು ಹೇಳಿ, ಸಮಾಧಾನಪಡಿಸಿದೆನೆಂಬ ತೃಪ್ತಿಯಿಂದ ಮರಳುತ್ತಿದ್ದವನು ನಾನು. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಧರ್ಮಪತ್ನಿಯು ಲಿಂಗೈಕ್ಯಳಾದಾಗ ಆ ಶ್ಲೋಕಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಶಿವಗಣಾರಾಧನೆ ಮುಗಿದ ಮೇಲೆ, ನೆರೆಯವರಿಂದ ತಂದಿದ್ದ ಕೊಳಗ, ಪರಾತಗಳನ್ನು ಹಿಂದಿರುಗಿಸಲು ನಾನೇ ಹೊರಟೆನು. ಮೊದಲ ಮನೆಯ ವೃದ್ಧೆಯು ಕೊಳಗವನ್ನು ತೆಗೆದುಕೊಂಡು, ಅದು ತನ್ನ ಮಗನ ಆರಾಧನೆಗೆಂದು ಕೊಂಡದ್ದೆಂದಳು. ಆ ಮಗನು ತೀರಿಹೋದಾಗ ಆಕೆಗೆ ಶ್ಲೋಕ ಹೇಳಿದವನು ನಾನೇ. ಅವನ ಹೆಸರನ್ನು ಕೇಳಿರಲಿಲ್ಲ. ಎದುರುಮನೆಯಾತನು ಹರಿಹರದ ಹೊಳೆಯಲ್ಲಿ ಬಾಲ್ಯದಲ್ಲಿಯೇ ತಮ್ಮನನ್ನು ಕಳೆದುಕೊಂಡುದನ್ನು ಹೇಳಿದನು. ಮಧ್ಯಾಹ್ನದೊಳಗೆ ಮುಗಿಯಬೇಕಾದ ಕೆಲಸಕ್ಕೆ ದೀಪ ಹಚ್ಚುವ ಹೊತ್ತಾಯಿತು.

ಶ್ರಾವಸ್ತಿಯ ಕಿಸಾಗೋತಮಿಯ ಕಥೆಯು ಆಗ ನೆನಪಾಯಿತು. ಸತ್ತ ಕೂಸಿಗೆ ಔಷಧ ಬೇಡಿದ ಆಕೆಯನ್ನು ಬುದ್ಧನು ಸಾವು ಕಾಣದ ಮನೆಯಿಂದ ಸಾಸಿವೆ ತರಲು ಕಳುಹಿಸಿದನಷ್ಟೆ. ಹುಟ್ಟಿದವರೆಲ್ಲ ಸಾಯುವರೆಂಬುದಕ್ಕೆ ದೃಷ್ಟಾಂತವೆಂದು ನಾನು ಅದನ್ನು ಬೋಧಿಸುತ್ತಿದ್ದೆನು. ಅಷ್ಟೇ ಆಗಿದ್ದರೆ ಒಂದು ವಾಕ್ಯ ಸಾಲದೆ? ಆಕೆಯು ಒಂದೊಂದು ಬಾಗಿಲಲ್ಲಿಯೂ ನಿಂತು ಅನ್ಯರ ಸಾವನ್ನು ಕೇಳಬೇಕಾಗಿತ್ತು.

ಇಷ್ಟು ತಡವಾಗಿ ತಿಳಿಯಿತೆಂದು ನಾಚಿಕೆಯಾದಾಗ, ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಶೋಧಿಸಿದ ಅಶೋಕನ ಶಾಸನವನ್ನು ನೆನೆಯುತ್ತೇನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿದ್ದರೂ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇ ಮಾಡಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆಯೇ ಶ್ರಮಿಸಿದೆನೆಂದೂ ಆ ಚಕ್ರವರ್ತಿಯು ಅದರಲ್ಲಿ ಒಪ್ಪಿಕೊಂಡಿದ್ದಾನೆ. ತನ್ನ ಆಲಸ್ಯವನ್ನು ಬಂಡೆಯ ಮೇಲೆ ಕೊರೆಯಿಸಿದ ಅರಸರು ವಿರಳ!

ಕಳೆದ ತಿಂಗಳು ನಮ್ಮ ಬೀದಿಯಲ್ಲಿಯೇ ಒಂದು ಸಾವಾಯಿತು. ಹೋಗಿ ಜಗಲಿಯ ಮೇಲೆ ಕುಳಿತು, ಮಗುವಿನ ಹೆಸರೇನೆಂದು ಕೇಳಿದೆನು. ತಾಯಿಯು ಬಹಳ ಹೊತ್ತು ಮಾತನಾಡಿದಳು.